ಮೀಸಲು ಬಿಟ್ಟ ರಾಡು

ಬಂಡೆ ಕೊರೆಯಲು ಬಂದವನಿಗೆ ಊರಿನಲ್ಲಿ ಸಿಗುವ ಮರ್ಯಾದೆಯೇ ಬೇರೆ, ಕೊರೆದ ತೂತು ಮುಚ್ಚಲು ಬಂದವನಿಗೆ ಸಿಗುವುದೇ ಬೇರೆ. ನಾನು ಎರಡೂ ಕೆಲಸ ಮಾಡಿದವನು, ಅದಕ್ಕೇ ಹೇಳುತ್ತೇನೆ. ಮೊದಲು ಹೋದಾಗ ಎಳನೀರು ಕೆತ್ತಿ ಕೊಟ್ಟು ಜಗಲಿಯ ಮೇಲೆ ಚಾಪೆ ಹಾಸಿದ ಮನೆಗಳೇ, ಎರಡನೇ ಸಲ ಹೋದಾಗ 'ಇನ್ನೇನ್ ಬಾಕಿ ಐತೆ ಸಾಮಿ ನಿಮ್ದು?' ಎಂದು ಅಂಗಳದಲ್ಲೇ ನಿಲ್ಲಿಸಿ ಕೇಳಿದವು. ಅವರದೇನೂ ತಪ್ಪಿಲ್ಲ. ನಾನಾಗಿದ್ದರೆ ನಾಯಿ ಬಿಡುತ್ತಿದ್ದೆ.

ಎರಡನೇ ಮಹಾಯುದ್ಧಕ್ಕೆ ಮುಂಚೆ ನಮ್ಮ ಸರ್ಕಾರಿ ಕಚೇರಿಯಲ್ಲಿ ಎಣ್ಣೆ ಎಂಜಿನ್ನಿನ ಒಂದು ಬೋರ್ ಯಂತ್ರ ಇತ್ತು. ಅದನ್ನು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಕುಡಿಯುವ ನೀರಿಗೆಂದು ಬಂಡೆ ಕೊರೆಯುತ್ತಾ ತಿರುಗಿದೆವು. ನನಗಾಗ ಇಪ್ಪತ್ತೆರಡು ವರ್ಷ, ಲೆಕ್ಕ ಬರೆಯುವ ಗುಮಾಸ್ತ. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಲ್ಲಿ ಬಂಡೆ ಶುರುವಾಯಿತು, ಯಾವ ಅಡಿಯಲ್ಲಿ ಬಿರುಕು, ಯಾವ ಅಡಿಯಲ್ಲಿ ತೇವ, ಇಷ್ಟನ್ನೂ ರಟ್ಟಿನ ಪುಸ್ತಕದಲ್ಲಿ ಬರೆಯಬೇಕು. ನೀರು ಸಿಕ್ಕ ಕಡೆ ಕೈಪಂಪು ಕೂತಿತು. ಸಿಗದ ಕಡೆ ಬೋರು ಹಾಗೇ ಬಾಯಿ ಬಿಟ್ಟುಕೊಂಡು ಬಿದ್ದಿತು. ಯುದ್ಧ ಬಂತು, ಯಂತ್ರವನ್ನು ಎಲ್ಲಿಗೋ ಸಾಗಿಸಿದರು, ಕಚೇರಿಯವರು ಬೋರುಗಳನ್ನು ಮರೆತರು. ಊರಿನವರು ಮರೆಯುವ ಹಾಗಿರಲಿಲ್ಲ. ಕರುವಿನ ಕಾಲು ಸಿಕ್ಕಿ ಮುರಿಯಿತು. ಮಕ್ಕಳಿಗೆ ಒಳಗೆ ಕಲ್ಲು ಹಾಕಿ ಸದ್ದು ಕೇಳುವುದೇ ಆಟವಾಯಿತು. ಮಳೆ ಬಂದರೆ ಕೊಟ್ಟಿಗೆಯ ಗಲೀಜೆಲ್ಲ ಅದರೊಳಕ್ಕೇ ಇಳಿಯುತ್ತಿತ್ತು.

ಯುದ್ಧ ಮುಗಿದ ಮೇಲೆ ಹೊಸದಾಗಿ ಬಂದ ಒಬ್ಬ ಇಂಜಿನಿಯರು, ಬಿಟ್ಟ ಬೋರುಗಳನ್ನೆಲ್ಲ ಸಿಮೆಂಟು ಬಿರಡೆ ಹಾಕಿ ಮುಚ್ಚಬೇಕೆಂದು ಹುಕುಂ ಮಾಡಿದರು. ಅವು ಎಲ್ಲಿವೆ ಎಂದು ಗೊತ್ತಿದ್ದವನು ನಾನೊಬ್ಬನೇ. ಸರಿ, ನನ್ನ ಹಣೆಗೇ ಬಂತು. ಜೊತೆಗೆ ಹಳೆಯ ತಂಡದ ಒಬ್ಬ ಮುದುಕನನ್ನು ಕೊಟ್ಟರು. ಅರಕಲಗೂಡು ಕಡೆಯ ಬೇಸಾಯಗಾರ. ಆ ಎಲ್ಲ ಬೋರುಗಳಿಗೂ ರಾಡು ಇಳಿಸಿದ್ದು, ಒಂದೊಂದು ರಾಡು ಸೇರಿಸಿದಾಗಲೂ ಎಣಿಕೆ ಕೂಗಿದ್ದು ಅವನೇ. ಅವನು ಕೂಗುತ್ತಿದ್ದ, ನಾನು ಬರೆಯುತ್ತಿದ್ದೆ. ಒಂದು ರಾಡಿನ ಉದ್ದ ಹತ್ತು ಅಡಿ; ಅವನು ಕೂಗಿದ ಎಣಿಕೆಯಿಂದಲೇ ಪುಸ್ತಕದಲ್ಲಿ ಆಳದ ಲೆಕ್ಕ. ಈಗ ಅವನ ಸೊಂಟ ಬಾಗಿತ್ತು, ನನ್ನ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕಾಣಿಸಿಕೊಂಡಿತ್ತು.

ಕೆಲಸ ಕೇಳುವುದಕ್ಕೆ ಸುಲಭ. ಜಾಲಿಮರದ ಬೆಣೆಗೆ ಗೋಣಿ ಸುತ್ತಿ, ರಾಡಿನಿಂದ ಒತ್ತಿ ಬೇಕಾದ ಆಳಕ್ಕೆ ಇಳಿಸಬೇಕು. ಅದರ ಮೇಲೆ ಎರಡು ಹಿಡಿ ಜಲ್ಲಿ. ಆಮೇಲೆ ಸಿಮೆಂಟನ್ನು ಅಂಬಲಿಯ ಹದಕ್ಕೆ ಕಲಸಿ, ತಗಡಿನ ಕೊಳವೆಯಲ್ಲಿ ತುಂಬಿ, ಹಗ್ಗ ಕಟ್ಟಿ ಇಳಿಸಿ ತಳದಲ್ಲೇ ಸುರಿಯಬೇಕು. ಮೇಲಿನಿಂದ ಸುರಿದರೆ ಅರ್ಧ ಗೋಡೆಗೆ ಮೆತ್ತಿಕೊಂಡು ವ್ಯರ್ಥ. ಎರಡು ದಿನ ಕಾದು, ಗಟ್ಟಿಯಾದ ಮೇಲೆ ಉಳಿದದ್ದು ತುಂಬಿ ಮೇಲೊಂದು ಮುಚ್ಚಳ ಹಾಕಬೇಕು. ಸಿಮೆಂಟು ಪರ್ಮಿಟ್ಟಿನ ಕಾಲ. ಬೋರಿಗೆ ಒಂದೇ ಚೀಲ. ಆ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಕೂತರೆ, ದಿಣ್ಣೆ ಬಂದ ಕಡೆಯೆಲ್ಲ ಬಸ್ಸು ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಇಳಿದು ತಳ್ಳಬೇಕು. ತಳ್ಳುವವರಿಗೂ ಪೂರಾ ಟಿಕೆಟ್ಟು.

"ಕೊರೀವಾಗ ಇಷ್ಟು ಸುಸ್ತಾಗ್ತಿರ್ನಿಲ್ಲ ಕಣ್ ಸಾ," ಎಂದು ಮುದುಕ ಹೇಳುತ್ತಿದ್ದ. "ಆವಾಗ ನೀರು ಬರ್ತದೆ ಅನ್ನೋ ಆಸೆ ಇತ್ತು. ಈವಾಗ ಏನಿದ್ದದು, ಬಾಯ್ ಮುಚ್ಚಿ ಬರಾದು."

ಹೊಳೆನರಸೀಪುರದ ಹರದನಹಳ್ಳಿ ಕಡೆ ಕೆಲವು, ಅರಕಲಗೂಡಿನಲ್ಲಿ ಕೆಲವು ಮುಚ್ಚಿಕೊಂಡು ಬಂದೆವು. ಎಲ್ಲ ಕಡೆಯೂ ಬಾಯಿಯ ಹತ್ತಿರಕ್ಕೆ ಬಿರಡೆ ಹಾಕಿದರೆ ಸಾಕಾಗಿತ್ತು, ಆಳ ನೋಡುವ ತಾಪತ್ರಯ ಇರಲಿಲ್ಲ. ಆಳಕ್ಕೆ ಹಾಕಬೇಕಾದದ್ದು ಒಂದೇ ಒಂದು: ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿಯಿಂದ ಒಳಕ್ಕೆ ಅರ್ಧ ಹರದಾರಿ ನಡೆದರೆ ಸಿಗುವ ಹೊಲದ್ದು.

ಆ ಹೊಲದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಬಂಡೆ ಒಡೆದು ತೋಡಿದ ಬಾವಿಯೊಂದಿತ್ತು. ಗಂಡ ಕೆಳಗಿಳಿದು ಕಲ್ಲು ಒಡೆಯುವುದು, ಹೆಂಡತಿ ರಾಟೆಯ ಹಗ್ಗ ಹಿಡಿದು ಮೇಲಕ್ಕೆಳೆಯುವುದು, ಹಾಗೆ ನಾಲ್ಕು ಬೇಸಿಗೆ. ಕೊನೆಗೆ ತಳದ ಹತ್ತಿರ ಒಂದು ಬಿರುಕು ಸಿಕ್ಕಿ ಸಿಹಿನೀರು ಬಂತಂತೆ. ಆ ನೀರು ನಂಬಿ ನಲವತ್ತು ತೆಂಗಿನ ಸಸಿ ನೆಟ್ಟರು. ಇಲ್ಲಿ ನೀರಿದೆ ಎಂದು ತಿಳಿದೇ ನಮ್ಮವರು ಬಾವಿಯ ಮೇಲ್ಗಡೆಗೆ ಬೋರು ಕೊರೆಯಲು ಜಾಗ ಕೇಳಿದ್ದು. ಊರಿಗೆಲ್ಲ ಆಗುತ್ತದೆ, ನಿಮ್ಮ ಬಾವಿಗೂ ಒಳ್ಳೆಯದೇ ಎಂದು ಪುಸಲಾಯಿಸಿದವರಲ್ಲಿ ನಾನೂ ಒಬ್ಬ. ಆಯಮ್ಮನೇ ಬಂದು ಮೊದಲ ರಾಡಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಗಂಗಮ್ಮನಿಗೆಂದು ಕಾಯಿ ಒಡೆಸಿದಳು. ನಾನು ಹೊಂಗೆ ಮರದ ಕೆಳಗೆ ಕೂತು ಪೆನ್ಸಿಲ್ ಹೆರೆಯುತ್ತಿದ್ದೆ. ಪೂಜೆ ಮುಗಿದು ಮುದುಕ 'ಒಂದು' ಎಂದು ಕೂಗಿದ ಮೇಲೆ ಬರೆಯಲು ಶುರು ಮಾಡಿದೆ.

ನೂರಕ್ಕೂ ಮೀರಿ ಕೊರೆದರೂ ಬೋರಿಗೆ ನೀರು ಬರಲಿಲ್ಲ. ನಾವು ಗಂಟುಮೂಟೆ ಕಟ್ಟಿ ಹೊರಟ ತಿಂಗಳೊಪ್ಪತ್ತಿನಲ್ಲಿ ಅವರ ಬಾವಿಯೂ ಬತ್ತಿತು. ಆದದ್ದಿಷ್ಟೇ. ಬಾವಿಗೆ ನೀರು ತರುತ್ತಿದ್ದ ಬಿರುಕನ್ನು ನಮ್ಮ ಬೋರು ದಾರಿಯಲ್ಲೇ ಕತ್ತರಿಸಿತ್ತು. ಇನ್ನೂ ಕೆಳಗೆ ಹೋಗಿ ಒಂದು ಒಣ ಸಂದಿಗೆ ಬಿದ್ದಿತ್ತು. ನೀರು ಬಾವಿಗೆ ಬರುವುದು ಬಿಟ್ಟು ಬೋರಿನೊಳಗೆ ಸುರಿದು ಆ ಸಂದಿನಲ್ಲಿ ಪಾತಾಳಕ್ಕೆ ಇಳಿದು ಹೋಗುತ್ತಿತ್ತು. ಬೋರಿನ ಬಾಯಿಗೆ ಕಿವಿಯಿಟ್ಟರೆ ಟಿಪ್ ಟಿಪ್ ಎಂದು ಕೇಳುತ್ತಿತ್ತು.

ಗಂಡ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟ, ವರ್ಷಕ್ಕೊಂದು. ಐದನೇ ವರ್ಷ ವಿಷಮಜ್ವರ ಬಂದು ಅವನು ತೀರಿಕೊಂಡ. ಆಮೇಲೆ ಹೆಂಡತಿ ಹೆಬ್ಬೆಟ್ಟು ಒತ್ತಿದಳು. ಹೊಸ ಇಂಜಿನಿಯರು ಅಷ್ಟನ್ನೂ ಓದಿ, ಪಕ್ಕದಲ್ಲಿ ಎರಡು ಸಾಲು ಬರೆದರು: ಮೇಲಿನ ಬಿರುಕಿಗೂ ಕೆಳಗಿನ ಸಂದಿಗೂ ನಡುವೆ ಬಿರಡೆ ಕೂರಿಸಿ, ಬಾವಿಯ ನೀರು ಬಾವಿಗೆ ತಿರುಗಲಿ. ಎಂಟು ವರ್ಷದ ಗೋಳಿಗೆ ಎರಡು ಸಾಲು. ಅಷ್ಟಾದರೂ ಬರೆದರಲ್ಲ.

ನಾವು ಹೋದಾಗ ಆಕೆ ಕೆರೆಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತರುತ್ತಿದ್ದಳು. ನಲವತ್ತರಲ್ಲಿ ಹನ್ನೊಂದು ತೆಂಗು ಉಳಿದಿದ್ದವು. ಹನ್ನೊಂದಕ್ಕೂ ದಿನ ಬಿಟ್ಟು ದಿನ ಒಂದೊಂದು ಕೊಡ, ಎಂಟು ವರ್ಷದಿಂದ. ಕೊಡ ಇಳಿಸಿದ ಮೇಲೂ ಆಕೆಯ ಕತ್ತು ನೆಟ್ಟಗಾಗಲಿಲ್ಲ, ಒಂದು ಕಡೆಗೆ ವಾಲಿಕೊಂಡೇ ಇತ್ತು. ನನ್ನನ್ನು ನೋಡಿ ಗುರುತು ಹಿಡಿದಳು.

"ನೀನಾ? ಬರ್ಕೊಳೋ ಹುಡ್ಗ?" ಎಂದಳು. ಆಮೇಲೆ ಸಾವರಿಸಿಕೊಂಡು, "ಬನ್ನಿ ಸಾಮಿ. ಒಂದ್ಮಾತು ಯೋಳ್ಬುಡ್ತೀನಿ. ನನ್ ಕತ್ತು ಇನ್ನ ತಡ್ಯಾಕಿಲ್ಲ. ಈ ಸಲ ನೀರು ಬರ್ನಿಲ್ಲ ಅಂದ್ರೆ ಹೊಲಾನ ಮೈದುನಂಗೆ ವಹಿಸ್ಬುಟ್ಟು ತವರಿಗೆ ವಂಟೋಯ್ತೀನಿ. ಅವ್ರು ತೋಡಿದ್ ಬಾವಿ ನೋಡ್ಕಂಡು ಬಾಯಿ ಒಣುಗ್ಸ್ಕಂಡು ಕೂರಾಕೆ ನನ್ ಕೈಲಿ ಆಗಾಕಿಲ್ಲ" ಎಂದಳು.

"ಬರುತ್ತಮ್ಮ," ಎಂದೆ. ಅಷ್ಟು ಸುಲಭವಾಗಿ ಅಂದುಬಿಟ್ಟೆ.

ಪುಸ್ತಕ ತೆಗೆದು ನೋಡಿದೆ. ನನ್ನದೇ ದುಂಡಕ್ಷರ. ತೇವದ ಬಿರುಕು ಮೂವತ್ತೊಂದನೇ ಅಡಿಯಲ್ಲಿ. ಒಟ್ಟು ಆಳ ನೂರಹತ್ತು. ಹಗ್ಗಕ್ಕೆ ಗುಂಡು ಕಟ್ಟಿ ಇಳಿಸಿದರೆ ಸರಿಯಾಗಿ ನೂರಹತ್ತಕ್ಕೇ ತಳ ತಾಗಿತು. ಎಂಟು ವರ್ಷದ ಮೇಲೂ ನನ್ನ ಪುಸ್ತಕ ಅಡಿ ಆಚೆ ಈಚೆ ಹೋಗಿಲ್ಲವಲ್ಲ ಎಂದು ಒಳಗೊಳಗೇ ಬೀಗಿದೆ. ಬೆಣೆಯನ್ನು ಮೂವತ್ತಾರಕ್ಕೆ ಇಳಿಸಿ, ಮೂವತ್ಮೂರರವರೆಗೆ ಸಿಮೆಂಟು ಕೂರಿಸಿದೆವು. ಬಿರುಕಿನಿಂದ ಎರಡಡಿ ಕೆಳಗೆ. ನೀರು ಇನ್ನು ಬಾವಿಯ ಕಡೆಗೇ ತಿರುಗಬೇಕು.

ಬೆಣೆ ಬಿಗಿಯಾಗಿ ಕೂತದ್ದೇ ಟಿಪ್ ಟಿಪ್ ನಿಂತುಹೋಯಿತು. ಆಕೆ ಮೊಣಕಾಲೂರಿ ಬೋರಿಗೆ ಕಿವಿಯಿಟ್ಟಳು. ಎದ್ದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಂತೋಯ್ತು ಕಣಣ್ಣ," ಎಂದು ಮುದುಕನಿಗೆ ಹೇಳಿದಳು. "ಎಂಟ್ ವರ್ಸದಿಂದ ಇದ್ನ ಕೇಳ್ಕಂಡೇ ಬಿದ್ದಿದ್ದೆ."

ಅಂದು ಮಧ್ಯಾಹ್ನ ಮುದ್ದೆ, ಉಪ್ಸಾರು ಹಾಕಿದಳು. ಸಿಮೆಂಟು ಗಟ್ಟಿಯಾಗುವವರೆಗೆ ಇದ್ದು, ನೀರು ಏರಿದ ಮೇಲೆ ಬಂದು ಉಳಿದದ್ದು ತುಂಬುತ್ತೇವೆಂದು ಬೋರಿನ ಬಾಯಿಗೆ ಚಪ್ಪಡಿ ಎಳೆದು ಹೊರಟೆವು. ಎಷ್ಟೋ ತಿಂಗಳ ಮೇಲೆ ಅಂದು ಬಸ್ಸು ತಳ್ಳುವಾಗ ನನಗೆ ಆಯಾಸ ಎನಿಸಲಿಲ್ಲ.

ತಿಂಗಳು ಬಿಟ್ಟು ಬಂದರೆ ಆಕೆ ಬಾವಿಯ ಹತ್ತಿರ ಇರಲಿಲ್ಲ, ಬಾವಿಯ ಒಳಗಿದ್ದಳು. ಮೆಟ್ಟಿಲಿಳಿದು ಒಣ ತಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಿರುಕಿಗೆ ಕೆನ್ನೆ ಒತ್ತಿಕೊಂಡಿದ್ದಳು. ನಮ್ಮ ಹೆಜ್ಜೆ ಕೇಳಿಸಿದರೂ ತಲೆ ಎತ್ತಲಿಲ್ಲ.

"ಇಳ್ದು ಬನ್ನಿ," ಎಂದಳು. "ಇಳ್ದು ಬಂದು ಕೇಳಿ, ಓದಿರೋರು."

ಇಳಿದೆ. ಬಿರುಕಿಗೆ ಕಿವಿಯಿಟ್ಟೆ. ಬಂಡೆಯ ಒಳಗೆಲ್ಲೋ ದೂರದಲ್ಲಿ, ಸಣ್ಣಗೆ, ಟಿಪ್ ಟಿಪ್. ನಿಂತಿರಲೇ ಇಲ್ಲ. ಬಿರಡೆಯ ಕೆಳಗೆ ಬೀಳುತ್ತಿದ್ದುದರಿಂದ ಮೇಲಕ್ಕೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಆಕೆ ಬಾಯಿಗೆ ಬಂದ ಹಾಗೆ ಬೈದಳು. "ಬಾಯಿ ಬಿಟ್ಕಂಡಿದ್ದಾಗ್ಲಾದ್ರೂ ಎಲ್ ಓಯ್ತದೆ ಅಂತ ಗೊತ್ತಾಯ್ತಿತ್ತು. ಈವಾಗ ಮುಚ್ಬುಟ್ಟು ಒಳಗೊಳ್ಗೇ ಕದೀತಾ ಕೂತಿದ್ದೀರಲ್ಲಾ! ನಿಮ್ ಸಿಮೆಂಟ್ಗಷ್ಟು ಬೆಂಕಿ ಆಕ!" ಮುದುಕ ಮೇಲೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

ಬೈದು ಬೈದು ಸುಸ್ತಾಗಿ ಮೆಟ್ಟಿಲ ಮೇಲೆ ಕೂತಳು. ಕೋಪ ಇಳಿದ ಮೇಲಿನ ಆ ದನಿಯನ್ನು ಕೇಳುವುದು ಬೈಗುಳಕ್ಕಿಂತಲೂ ಕಷ್ಟವಾಗಿತ್ತು. "ತಪ್ಪು ನಂದೂ ಐತೆ. ಆವತ್ತು ಕೊರೀವಾಗ ಗಂಗಮ್ಮಂಗೆ ಮೀಸ್ಲು ಬುಟ್ಟಿದ್ರಿ. ಮುಚ್ಚಾವಾಗ ಯಾರೂ ಏನೂ ಬುಡ್ನಿಲ್ಲ. ನಾನೇ ಬಳ್ಯಾನ ಅಂದ್ರೆ ಅರ್ಸ್ನ ಮುಟ್ಟಾ ಅಂಗಿಲ್ಲ. ಅವ್ಳು ಮುನುಸ್ಕಂಡವ್ಳೆ."

"ಮೀಸಲಾ? ಏನು ಬಿಟ್ಟಿದ್ದೆವು?" ಎಂದೆ.

"ಮೊದಲ್ನೇ ರಾಡು. ನಾನೇ ಅಲ್ವಾ ಅರ್ಸ್ನ ಬಳ್ದಿದ್ದು?"

ಮೇಲಿನಿಂದ ಮುದುಕ ಸಹಜವಾಗಿಯೇ ಹೇಳಿದ: "ಊಂ ಸಾ. ಎಲ್ಲಾ ಬೋರಿಗೂ ಮೊದಲ್ನೇ ರಾಡು ಗಂಗಮ್ಮಂದೇಯ. ಅದ್ನ ಎಣಿಸಾಕಿಲ್ಲ."

"ಎಣಿಸೋದಿಲ್ಲ ಅಂದರೆ?"

"ಮೀಸ್ಲು ಎಣಿಸ್ತಾರಾ ಸಾ? ಕಣದಾಗೆ ರಾಸಿ ಅಳೀವಾಗ ಮೊದಲ್ನೇ ಮೊರ ದೇವ್ರಿಗೆ ತೆಗ್ದಿಟ್ಬುಟ್ಟು, ಆಮ್ಯಾಕೆ ತಾನೆ ಒಂದು ಅನ್ನಾದು? ಅಂಗೇ ಇದೂವೆ. ಮೊದಲ್ನೇದು ಇಳ್ಸಿ ಕೈ ಮುಗ್ದು, ಎರಡ್ನೇದು ಸೇರ್ಸ್ದಾಗ ಒಂದು ಅಂತಿದ್ದೆ. ನಿಮ್ಗೆ ಗೊತ್ತಿರ್ನಿಲ್ವಾ?"

ನನಗೆ ಗೊತ್ತಿರಲಿಲ್ಲ. ನಮ್ಮದು ಹೊಳೆನರಸೀಪುರದ ಪೇಟೆಯಲ್ಲಿ ಅಂಗಡಿ ಇಟ್ಟವರ ಮನೆ. ಶಿವಪೂಜೆ ಮುಗಿಸದೆ ಬಾಯಿಗೆ ನೀರು ಹಾಕದ ಜನ. ದೇವರಿಗೆ ಕೊಡುವುದೇನು ಕಡಿಮೆ ಇರಲಿಲ್ಲ. ಆದರೆ ರಾಗಿ ನಮ್ಮ ಮನೆಗೆ ಬರುತ್ತಿದ್ದುದೇ ಚೀಲದಲ್ಲಿ. ಕಣದಲ್ಲಿ ರಾಶಿ ಅಳೆಯುವುದನ್ನು ನಾನು ಕಂಡವನೇ ಅಲ್ಲ. ಅವನು ಕೂಗಿದ್ದನ್ನು ಬರೆದೆ. ಅವನು ಗಂಗಮ್ಮನಿಗೆ ಬಿಟ್ಟದ್ದು ನನ್ನ ಪುಸ್ತಕಕ್ಕೆ ಬರಲೇ ಇಲ್ಲ.

ಹತ್ತು ಅಡಿ. ಬಿರುಕು ಇದ್ದದ್ದು ಮೂವತ್ತೊಂದರಲ್ಲಿ ಅಲ್ಲ, ನಲವತ್ತೊಂದರಲ್ಲಿ. ನಾನು ಬಿರಡೆಯನ್ನು ಬಿರುಕಿನ ಮೇಲ್ಗಡೆ ಕೂರಿಸಿ, ನೀರು ಓಡಿಹೋಗುವ ದಾರಿಯನ್ನು ಹಾಗೇ ಬಿಟ್ಟಿದ್ದೆ. ತಳ ಸರಿಯಾಗಿ ನೂರಹತ್ತಕ್ಕೆ ಸಿಕ್ಕಿತ್ತಲ್ಲ ಎಂದರೆ, ಅದು ತಳವೇ ಅಲ್ಲ. ನಿಜವಾದ ತಳ ನೂರಿಪ್ಪತ್ತಕ್ಕೆ; ಊರಿನ ಮಕ್ಕಳು ಎಂಟು ವರ್ಷ ಹಾಕಿದ ಕಲ್ಲು ಹತ್ತಡಿ ತುಂಬಿಕೊಂಡಿತ್ತು. ಆ ಕಲ್ಲಿನ ಮೇಲೆ ಗುಂಡು ಕೂತದ್ದಕ್ಕೆ ನಾನು ಬೀಗಿದ್ದೆ. ಇಷ್ಟೆಲ್ಲಾ ಏಕೆ, ಬಾವಿಯ ಬಿರುಕು ನಲವತ್ತು ಅಡಿ ಕೆಳಗೆ ಕಣ್ಣೆದುರಿಗೇ ಇತ್ತು. ನಾನು ಪುಸ್ತಕ ನೋಡಿದೆ, ಬಾವಿ ನೋಡಲಿಲ್ಲ. ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸಿತು. ಮುದುಕನ ಮೇಲೂ ಸಿಟ್ಟು ಬಂತು. ಆದರೆ ಏನೆಂದು ಬೈಯುವುದು? ಅವನು ತನ್ನ ಅಪ್ಪ ಅಳೆದ ಹಾಗೆ ಅಳೆದಿದ್ದ.

ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ. ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಳು. ಅರಿಶಿನ ಬಳಿದ ಅಂಗೈ ಅದು.

"ಅಂಗಾರೆ ಸರಿ ಮಾಡಿ," ಎಂದಳು, ಅಷ್ಟೆ.

ಸರಿ ಮಾಡಲು ಇನ್ನೊಂದು ಚೀಲ ಸಿಮೆಂಟು ಬೇಕು. ಹಾಸನಕ್ಕೆ ಹೋಗಿ ಓವರ್ಸಿಯರ ಮುಂದೆ ನಿಂತೆ. ಪುಸ್ತಕದ ಅಷ್ಟೂ ಪುಟಗಳಲ್ಲಿ ಹತ್ತಡಿ ತಪ್ಪಿದೆ, ಬರೆದು ತಿದ್ದಬೇಕು, ಆ ಒಂದು ಬೋರಿಗೆ ಇನ್ನೊಂದು ಚೀಲ ಕೊಡಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಸಾಕಾಗಿತ್ತು ಎಂದು ಕಾಣುತ್ತದೆ.

"ಮುಚ್ಚಿದೀರೋ ಇಲ್ವೋ?" ಎಂದರು.

"ಮುಚ್ಚಿದೀನಿ ಸಾರ್, ಆದರೆ ತಪ್ಪು ಜಾಗದಲ್ಲಿ."

"ಮುಚ್ಚಿದೆ ಅಂತ ಬರೆದು ಕಳಿಸಿಯಾಗಿದೆ. ಈಗ ಪುಸ್ತಕವೇ ತಪ್ಪು ಅಂದರೆ ಮೊದಲು ನನ್ನ ಕೇಳ್ತಾರೆ, ಆಮೇಲೆ ನಿಮ್ಮನ್ನ ಮನೆಗೆ ಕಳಿಸ್ತಾರೆ. ಬೋರಿಗೆ ಒಂದು ಚೀಲ, ನಿಮ್ಮ ಚೀಲ ಮುಗೀತು. ಸುಮ್ಮನೆ ಬೆಳಗೊಳದ ಕಡೆ ಉಳಿದಿರೋದನ್ನ ಮುಗಿಸಿ, ಹೋಗಿ."

ಹೊರಗೆ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಬಿಟ್ಟುಬಿಡಬಹುದಿತ್ತು. ನಿಜವಾಗಿ ಹೇಳುತ್ತೇನೆ, ಬಿಟ್ಟುಬಿಡಬೇಕು ಎಂದೇ ಅನಿಸಿತು. ಯಾರೂ ಕೇಳುವವರಿರಲಿಲ್ಲ. ಆಕೆ ಹೊಲವನ್ನು ಮೈದುನನಿಗೆ ಒಪ್ಪಿಸಿ ಹೋಗುತ್ತಿದ್ದಳು, ಬಾವಿಯಲ್ಲಿ ಮುಳ್ಳು ಬೆಳೆಯುತ್ತಿತ್ತು, ನನಗೆ ಕೆಲಸ ಖಾಯಂ ಆಗುತ್ತಿತ್ತು. ರೈಲು ಬಂದಾಗ ಹೊಳೆನರಸೀಪುರಕ್ಕೆ ಹತ್ತಿದೆ.

ನಮ್ಮ ಮನೆಯ ಹಿತ್ತಲ ಬಚ್ಚಲು ಮಣ್ಣಿನದು. ನೀರು ಬಿದ್ದರೆ ಕೆಸರು. ನನ್ನ ಹೆಂಡತಿ ಬಸುರಿಯಾಗಿದ್ದಾಗ ಒಮ್ಮೆ ಜಾರಿ ಬಿದ್ದಿದ್ದಳು ಕೂಡ. ಅಂದಿನಿಂದ ಅದಕ್ಕೆ ಸಿಮೆಂಟು ಹಾಕಿಸಿ ಎಂದು ಹೇಳುತ್ತಲೇ ಇದ್ದಳು. ವರ್ಷವಿಡೀ ತಾಲ್ಲೂಕು ಕಚೇರಿಗೆ ತಿರುಗಿ ಒಂದು ಪರ್ಮಿಟ್ಟು ಗಿಟ್ಟಿಸಿ, ಒಂದು ಚೀಲ ತಂದು ಅಟ್ಟದ ಮೇಲಿಟ್ಟಿದ್ದೆ. ಗಾರೆಯವನು ಮುಂದಿನ ಸೋಮವಾರ ಬರುವವನಿದ್ದ.

ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಚೀಲ ಬೇಕು ಎಂದು ಮಾತ್ರ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅವಳು ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಅಟ್ಟದ ಕಡೆ ಯಾಕೆ ನೋಡ್ತೀರಿ? ಬಾಯಿ ಬಿಟ್ಟು ಕೇಳಿ."

"ಮತ್ತೆ ಇನ್ನೊಂದು ಪರ್ಮಿಟ್ಟು..."

"ಪರ್ಮಿಟ್ಟು! ನನಗೆ ಮೊಮ್ಮಕ್ಕಳಾದ ಮೇಲೆ ಬರುತ್ತೆ ನಿಮ್ಮ ಪರ್ಮಿಟ್ಟು. ತಗೊಂಡು ಹೋಗಿ. ಊರಿನ ತೂತೆಲ್ಲ ಮುಚ್ಚಿಕೊಂಡು ಬನ್ನಿ, ನನ್ನ ಬಚ್ಚಲು ಬಾಯಿ ಬಿಟ್ಟುಕೊಂಡಿರಲಿ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೇಳಿದಳು: "ಎಂಟು ವರ್ಷ ಕೆರೆಯಿಂದ ಹೊತ್ತಳಾ?"

"ಹ್ಞೂಂ."

"ಇನ್ನಷ್ಟು ಅನ್ನ ಹಾಕಲಾ, ಸಾಕಾ?" ಎಂದಳು.

ರಜ ಹಾಕಿ, ಬಚ್ಚಲಿನ ಚೀಲ ಹೊತ್ತು ಮತ್ತೆ ಹೋದೆ. ಮುದುಕ ಕರೆಯದೇ ಜೊತೆಗೆ ಬಂದ. ಹಾಕಿದ ಬಿರಡೆಯನ್ನು ಒಡೆಯುವುದು ಹಾಕಿದಷ್ಟು ಸುಲಭವಲ್ಲ. ಯಂತ್ರವಿಲ್ಲ. ಮೂರು ಗಳ ನೆಟ್ಟು, ಬಾವಿಯ ಹಳೆಯ ರಾಟೆ ಬಿಚ್ಚಿ ಅದಕ್ಕೆ ಕಟ್ಟಿ, ಹಗ್ಗದ ತುದಿಗೆ ಭಾರದ ಕಬ್ಬಿಣದ ಉಳಿ ಬಿಗಿದು, ಮೂವರೂ ಹಗ್ಗ ಎಳೆಯುವುದು, ಬಿಡುವುದು; ಎಳೆಯುವುದು, ಬಿಡುವುದು. ಮೂವರೂ ಎಂದರೆ ಆಕೆಯೂ. ಬೇಡ ಎಂದರೆ ಕೇಳಲಿಲ್ಲ.

"ಈ ರಾಟೇಲಿ ಕಲ್ಲು ಎಳ್ದವ್ಳು ನಾನು," ಎಂದಳು. "ನೀವ್ ಎಳೀರಿ ನೋಡಾನ, ಎಳ್ಯಾಕೆ ಗೊತ್ತಿಲ್ದಿರೋರು ನೀವೇಯ."

ಮೂರಡಿ ಸಿಮೆಂಟಿಗೆ ನಾಲ್ಕು ದಿನ ಹಿಡಿಯಿತು. ಒಳ್ಳೆಯ ಸಿಮೆಂಟು, ಒಳ್ಳೆಯ ಹದದಲ್ಲಿ ಕಲಸಿದ್ದೆ, ಹಾಳಾದ್ದು. ಅಂಗೈ ಬೊಬ್ಬೆ ಎದ್ದು ಒಡೆಯಿತು, ತೋಳು ಎತ್ತಲು ಬಾರದೆ ಮುದ್ದೆ ಮುರಿಯುವುದೂ ಕಷ್ಟವಾಯಿತು. ನಾಲ್ಕನೇ ದಿನ ಉಳಿ ಬೆಣೆಯನ್ನೂ ಒಡೆದುಕೊಂಡು ಕೆಳಕ್ಕೆ ಬಿತ್ತು. ಆ ಕೂಡಲೇ ಟಿಪ್ ಟಿಪ್ ಕೇಳಿಸಿತು. ನೆತ್ತಿಯ ಮೇಲೆ ಬಿಸಿಲಿತ್ತು. ಆಕೆ ಮನೆಯ ಗೋಡೆಯ ಕನ್ನಡಿ ತಂದಳು. ಬಿಸಿಲನ್ನು ಬೋರಿನೊಳಕ್ಕೆ ತಿರುಗಿಸಿ ಇಣುಕಿದರೆ, ಆಳದಲ್ಲಿ ಒಂದು ಕಡೆ ಕಲ್ಲು ಮಿಣಮಿಣ ಹೊಳೆಯುತ್ತಿತ್ತು. ಹಗ್ಗ ನಾನೇ ಹಿಡಿದೆ, ನಾನೇ ಅಳೆದೆ. ನಲವತ್ತೊಂದು.

ಬೆಣೆಯನ್ನು ನಲವತ್ತಾರಕ್ಕೆ ಇಳಿಸಿದೆವು. ಇಳಿಸುವ ಮುಂಚೆ ಮುದುಕ ಆಕೆಯ ಮುಖ ನೋಡಿದ, ಅರಿಶಿನ ಏನಾದರೂ ಎಂದು. ಆಕೆ ಬೇಡವೆಂದು ತಲೆಯಾಡಿಸಿದಳು.

ಸಿಮೆಂಟು ಕೂರಿಸಿ, ಬೆಳಗೊಳದ ಕಡೆಯ ನಾಲ್ಕು ಬೋರು ಮುಗಿಸಿಕೊಂಡು ಹತ್ತು ದಿನದ ಮೇಲೆ ತಿರುಗಿ ಬಂದೆವು. ಹೊಲದ ಬದುವಿನ ಹತ್ತಿರ ಬಂದು ನಾನು ನಿಂತುಬಿಟ್ಟೆ. "ನೀನು ಮೊದಲು ಹೋಗಿ ನೋಡಪ್ಪ," ಎಂದೆ ಮುದುಕನಿಗೆ. "ನನ್ ಕೈಲಾಗಾಕಿಲ್ಲ ಸಾ, ನೀವೇ ಓಗಿ," ಎಂದು ಅವನು ಬದುವಿನ ಮೇಲೆ ಕೂತುಬಿಟ್ಟ.

ಆಕೆ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ರಾಟೆ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಬಗ್ಗಿ ನೋಡಿದೆ. ಕೆಳಗೆ, ಆಳುದ್ದ ನೀರು, ಅದರಲ್ಲಿ ನನ್ನ ತಲೆ ಕಾಣಿಸಿತು. ನಾನು ಕಟ್ಟೆಯ ಮೇಲೆ ಕೂತೆ. ಸಂತೋಷವಾಯಿತು ಎಂದು ಬರೆಯಬೇಕು, ಆಯಿತು ಕೂಡ. ಆದರೆ ಮೊದಲು ಬಂದದ್ದು ನಿದ್ದೆ. ಅಲ್ಲೇ ಬಿದ್ದುಕೊಳ್ಳೋಣ ಎನ್ನುವಷ್ಟು ನಿದ್ದೆ.

"ಏಳ್ ದಿನ ಆಯ್ತು ಬಂದು," ಎಂದಳು ಆಕೆ. "ಒಂದ್ ತೊಟ್ಟೂ ಎಳ್ದಿಲ್ಲ. ನೀವ್ ಬರ್ಲಿ ಅಂತ ಕಾದಿದ್ದೆ."

ಕೊಡ ಇಳಿಬಿಟ್ಟಳು. ರಾಟೆ ಕಿರ್ರೆಂದಿತು. ತುಂಬಿದ ಕೊಡ ಮೇಲೆ ಬಂದಾಗ ಮುದುಕ ಎದ್ದು ಬಂದು ಕೈ ಮುಗಿದು, "ಇದ್ನ ಗಂಗಮ್ಮಂಗೆ ಬುಟ್ಬುಡವ್ವ" ಎಂದ.

ಆಕೆ ಕೊಡವನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಲ್ಲಿ ಅದರ ಕಂಠ ಹಿಡಿದುಕೊಂಡಳು.

"ಎಂಟ್ ವರ್ಸದ ನೀರು ಪೂರಾ ಅವ್ಳಿಗೇ ಬುಟ್ಟಿವ್ನಿ ಕಣಣ್ಣ. ನನ್ ಗಂಡುನ್ನೂ ಬುಟ್ಟಿವ್ನಿ. ಇನ್ ಬುಡಾಕಿಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಅವತ್ತು ಕೊರೆಯುವಾಗ ಮುದುಕ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಕೂಗಿದಳು: "ಒಂದು!"

"ಬರ್ಕಳಪ್ಪ," ಎಂದಳು.

ಜೋಳಿಗೆಯಿಂದ ಪುಸ್ತಕ ತೆಗೆದೆ. ಆಕೆಯ ಬೋರಿನ ಪುಟ ಬಿಡಿಸಿ, ಮೊದಲ ಸಾಲಿನ ಮೇಲಿನ ಖಾಲಿ ಜಾಗದಲ್ಲಿ ಬಿಟ್ಟುಹೋದ ರಾಡನ್ನು ಬರೆದು, ಪಕ್ಕದಲ್ಲಿ ರುಜು ಹಾಕಿದೆ. ಆಮೇಲೆ ಹಿಂದಿನ ಪುಟ, ಅದರ ಹಿಂದಿನ ಪುಟ, ಹೀಗೆ ಎಲ್ಲ ಬೋರುಗಳಿಗೂ ಹತ್ತತ್ತು ಅಡಿ ಸೇರಿಸಿ ರುಜು ಹಾಕುತ್ತಾ ಹೋದೆ. ಓವರ್ಸಿಯರು ಏನನ್ನುತ್ತಾರೋ ನೋಡಿಕೊಳ್ಳೋಣ ಎಂದುಕೊಂಡೆ. ಮುದುಕ ಪಕ್ಕದಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ನಾನು ಪುಸ್ತಕ ಮುಚ್ಚುವ ಹೊತ್ತಿಗೆ ಆಕೆ ಹನ್ನೊಂದನೇ ಕೊಡ ಎಳೆದು, ಎಣಿಸಿ, ತೆಂಗಿಗೆ ಹೊಯ್ಯಲು ಹೋಗಿದ್ದಳು.